ಪಾದ್ರಿಯ ಚುಕ್ಕಿಗಳು

ವಸುಂಧರಮ್ಮ ಆ ಹಾಳೆಯನ್ನು ಓದಿರಲಿಲ್ಲ. ಓದಿದೆ ಅಂದಿದ್ದರು, ಅಷ್ಟೇ.

ಅದು ನಡೆದದ್ದು ಏಪ್ರಿಲ್‌ನಲ್ಲಿ, ಮ್ಯಾಂಚೆಸ್ಟರಿನ ಒಂದು ಹಳೆಯ ಗ್ರಂಥಾಲಯದಲ್ಲಿ. ಅಪೂರ್ವಾ ಎಂಬ ಹುಡುಗಿ ಕರೆದುಕೊಂಡು ಹೋಗಿದ್ದಳು. ಹುಡುಗಿ ಅಂದರೆ ಮೂವತ್ತು ದಾಟಿದವಳೇ. ಬೆಂಗಳೂರಿನವಳು, ಗಂಡ ಲೆಮಿಂಗ್ಟನ್ ಸ್ಪಾ ಎಂಬ ಊರಿನಲ್ಲಿ ವಿಡಿಯೋ ಗೇಮ್ ಮಾಡುವ ಕಂಪನಿಯಲ್ಲಿದ್ದ, ಇವಳು ಅಲ್ಲೇ ಹತ್ತಿರದ ಯೂನಿವರ್ಸಿಟಿಯಲ್ಲಿ ಪಿಎಚ್‌ಡಿ ಮಾಡುತ್ತಿದ್ದಳು. ವಿಷಯ ಜೆಸ್ವಿಟ್ ಎಂಬ ಕ್ರೈಸ್ತ ಸನ್ಯಾಸಿಗಳ ಸಭೆಯ ಪಾದ್ರಿಗಳು. ಮುನ್ನೂರೈವತ್ತು ವರ್ಷಗಳ ಹಿಂದೆ ಹಡಗು ಹತ್ತಿ ಮೈಸೂರು ಸೀಮೆಗೆ ಬಂದ ಆ ಸಭೆಯವರು ಕನ್ನಡವನ್ನು ಹೇಗೆ ಕಲಿತರು, ಯಾರಿಂದ ಕಲಿತರು, ಕಲಿತದ್ದು ಅವರ ಬುದ್ಧಿಯನ್ನು ಹೇಗೆ ತಿರುಗಿಸಿತು ಎಂಬುದನ್ನು ನಾಲ್ಕು ವರ್ಷದಿಂದ ಅಗೆಯುತ್ತಿದ್ದಳು.

ಡರ್ಬಿಯಲ್ಲಿ ಕನ್ನಡ ಸಂಘದವರು ಯುಗಾದಿ ಊಟ ಇಟ್ಟುಕೊಂಡಿದ್ದಾಗ ಅವಳ ಗುರುತಾಯಿತು. ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತ ಅಪೂರ್ವಾ, ಹಳೆಯ ಕೈಬರಹ ಓದುವವರು ಈ ದೇಶದಲ್ಲಿ ಒಬ್ಬರೂ ಸಿಗುತ್ತಿಲ್ಲ, ಮೈಸೂರಿನ ಪ್ರೊಫೆಸರರು ಮೇಲ್‌ಗೆ ಉತ್ತರವನ್ನೇ ಕೊಡುವುದಿಲ್ಲ ಎಂದು ಗೋಳಾಡಿದಳು. ವಸುಂಧರಮ್ಮನ ಮಗಳು ನಿರುಪಮಾ ಪಕ್ಕದಲ್ಲೇ ಇದ್ದಳು.

"ನಮ್ಮಮ್ಮ ಇದಾರಲ್ಲ! ರಿಟೈರ್ಡ್ ಕನ್ನಡ ಟೀಚರ್," ಅಂದಳು.

"ಅಯ್ಯೋ ಆಂಟಿ, ಎಲ್ಲಿದ್ರಿ ಇಷ್ಟು ದಿನ? ನಂಗೆ ಪ್ರಿಂಟ್ ಆಗಿರೋದು ಮಾತ್ರ ಓದೋಕೆ ಬರತ್ತೆ. ಕೈಬರಹ ನೋಡಿದ್ರೆ ಜಿಲೇಬಿ ಸುತ್ತಿದ ಹಾಗೆ ಕಾಣತ್ತೆ."

ವಸುಂಧರಮ್ಮ ನಕ್ಕರು. ಅವರು ಟೀಚರ್ ಆಗಿರಲಿಲ್ಲ. ಮೈಸೂರಿನ ಒಂದು ಕಾನ್ವೆಂಟಿನಲ್ಲಿ ಇಪ್ಪತ್ತಾರು ವರ್ಷ ಆಯಾ ಆಗಿದ್ದರು. ಬೆಂಚು ಒರೆಸಿದ್ದರು, ಬೋರ್ಡು ಒರೆಸಿದ್ದರು, ಸಣ್ಣ ಮಕ್ಕಳು ಒದ್ದೆ ಮಾಡಿಕೊಂಡರೆ ಚಡ್ಡಿ ಬದಲಿಸಿದ್ದರು. ಬೋರ್ಡಿನ ಮೇಲಿದ್ದದ್ದು ಏನು ಎಂದು ತಿಳಿಯದೆಯೇ ಹನ್ನೊಂದು ವರ್ಷ ಒರೆಸಿದ್ದರು. ಮೂವತ್ತೆಂಟನೆಯ ವಯಸ್ಸಿನಲ್ಲಿ ಬೀದಿಯ ಕೊನೆಯ ರಾತ್ರಿ ಶಾಲೆಗೆ ಸೇರಿ ಅ ಆ ತಿದ್ದಿದರು. ಮಗಳು ಆಗ ಆರನೆಯ ಕ್ಲಾಸು. ಇಬ್ಬರೂ ಒಂದೇ ಚಾಪೆಯ ಮೇಲೆ ಕೂತು ಹೋಮ್‌ವರ್ಕ್ ಮಾಡುತ್ತಿದ್ದರು. ಆ ಮಗಳು ಓದಿ ಡಾಕ್ಟರಾಗಿ, ಈಗ ಮ್ಯಾಂಚೆಸ್ಟರಿನ ಅಂಚಿನ ವಿದನ್‌ಶಾದ ದೊಡ್ಡ ಆಸ್ಪತ್ರೆಯಲ್ಲಿ ಅರಿವಳಿಕೆ ಕೊಡುತ್ತಾಳೆ. ಈ ಊರಿಗೆ ಬಂದ ಮೊದಲ ವರ್ಷವೇ ಯಾರೋ ಕೇಳಿದ್ದಕ್ಕೆ 'ಅಮ್ಮ ಟೀಚರ್' ಅಂದುಬಿಟ್ಟಿದ್ದಳು. ಶಾಲೆಯಲ್ಲಿ ಕೆಲಸ ಅನ್ನುವುದು ಸುಳ್ಳಲ್ಲವಲ್ಲ ಎಂದು ವಸುಂಧರಮ್ಮ ಸುಮ್ಮನಿದ್ದರು. ಸುಮ್ಮನಿದ್ದು ಇದ್ದು ಹದಿನೈದು ವರ್ಷವಾಗಿತ್ತು.

ಗ್ರಂಥಾಲಯದಲ್ಲಿ ಪುಸ್ತಕವನ್ನು ಹಸುಗೂಸಿನ ಹಾಗೆ ದಿಂಬಿನ ಮೇಲೆ ಮಲಗಿಸಿದ್ದರು. ಪೆನ್ನು ಒಳಗೆ ತರುವಂತಿಲ್ಲ, ಪೆನ್ಸಿಲ್ ಮಾತ್ರ. ಅಪೂರ್ವಾ ಪುಟ ತಿರುಗಿಸಿ ನಡುವೆ ಸೇರಿಕೊಂಡಿದ್ದ ಒಂದು ಬಿಡಿ ಹಾಳೆಯನ್ನು ತೋರಿಸಿದಳು. ಉಳಿದ ಪುಟಗಳೆಲ್ಲ ಪೋರ್ಚುಗೀಸ್ ಭಾಷೆಯವು. ಅದೊಂದರಲ್ಲಿ ಮಾತ್ರ ಮೇಲುಗಡೆ ಒಂದು ಸಾಲು ಕನ್ನಡ. ಕೆಳಗೆ ಅಡ್ಡಗೆರೆಗಳು, ಎರಡೆರಡು ಜೊತೆಯಾಗಿ, ಏಳು ಜೊತೆ. ಮೊದಲ ಜೊತೆ ಉದ್ದ, ಆಮೇಲಿನವು ಮೆಟ್ಟಿಲಿನ ಹಾಗೆ ಗಿಡ್ಡವಾಗುತ್ತ ಹೋಗಿದ್ದವು. ಗೆರೆಗಳ ಮೇಲೆಲ್ಲ ಚುಕ್ಕಿ.

"ಏನು ಬರೆದಿದೆ ಆಂಟಿ?"

ವಸುಂಧರಮ್ಮನಿಗೆ ಮೊದಲ ಅಕ್ಷರ 'ಅ' ಎಂದು ತಿಳಿಯಿತು. ಮುಂದಿನದು ಒಂದಕ್ಕೊಂದು ಅಂಟಿಕೊಂಡಿತ್ತು. ಎಲ್ಲಿ ಪದ ಮುಗಿಯುತ್ತದೆ, ಎಲ್ಲಿ ಇನ್ನೊಂದು ಶುರುವಾಗುತ್ತದೆ ಗೊತ್ತಾಗಲಿಲ್ಲ. ಬೆನ್ನು ಬೆವರಿತು. ಇದು ಅವರಿಗೆ ಹಳೆಯ ಪರಿಚಯದ ಬೆವರು. ರೇಷನ್ ಅಂಗಡಿಯಲ್ಲಿ, ಬ್ಯಾಂಕಿನಲ್ಲಿ, ಮಗಳ ಮಾರ್ಕ್ಸ್ ಕಾರ್ಡಿನ ಮುಂದೆ ಇದೇ ಬೆವರು ಬರುತ್ತಿತ್ತು. ಆಗೆಲ್ಲ 'ಕನ್ನಡಕ ಮರೆತು ಬಂದೆ, ನೀವೇ ಒಂಚೂರು ಓದಿ' ಅನ್ನುತ್ತಿದ್ದರು. ಕನ್ನಡಕ ಕೊಳ್ಳುವುದಕ್ಕೆ ಹತ್ತು ವರ್ಷ ಮೊದಲೇ ಅವರು ಕನ್ನಡಕ ಮರೆಯಲು ಕಲಿತಿದ್ದರು. ಆದರೆ ಇವತ್ತು ಕನ್ನಡಕ ಮೂಗಿನ ಮೇಲೇ ಇತ್ತು.

ಕಣ್ಣು ಚುಕ್ಕಿಗಳ ಮೇಲೆ ಬಿತ್ತು. ಅಕ್ಷರಕ್ಕಿಂತ ಮೊದಲು ಅವರ ಕೈಗೆ ಬಂದದ್ದು ಚುಕ್ಕಿ. ಆರು ವರ್ಷಕ್ಕೇ ಬಾಗಿಲಿಗೆ ರಂಗೋಲಿ ಇಡುತ್ತಿದ್ದರು. ಏಳು ಚುಕ್ಕಿಯಿಂದ ಒಂದು ಚುಕ್ಕಿಗೆ ಇಳಿಯುವ ರಂಗೋಲಿ ಯಾರಿಗೆ ಗೊತ್ತಿಲ್ಲ?

"ಇದು ರಂಗೋಲಿ ಕಣಮ್ಮ," ಅಂದರು. "ಮೇಲೆ 'ಅಂಗಳದ ರಂಗವಲ್ಲಿ' ಅಂತ ಬರೆದಿದಾನೆ."

ಅಪೂರ್ವಾ ಕೂತಲ್ಲೇ ಕುಪ್ಪಳಿಸಿದಳು. ಮೇಜಿನಾಚೆಯ ಲೈಬ್ರರಿಯವರು ತುಟಿಯ ಮೇಲೆ ಬೆರಳಿಟ್ಟರು.

"ಆಂಟಿ, ಇದರ ಅರ್ಥ ಏನು ಗೊತ್ತಾ?" ಪಿಸುಗುಟ್ಟಿದಳು. "ಇಷ್ಟು ದಿನ ಎಲ್ಲರೂ ಪಾದ್ರಿಗಳಿಗೆ ಪಂಡಿತರೇ ಪಾಠ ಹೇಳಿಕೊಟ್ಟಿದ್ದು ಅಂತಿದ್ರು. ರಂಗೋಲಿ ಯಾವ ಪಂಡಿತ ಕಲಿಸ್ತಾನೆ? ಹೆಂಗಸರಿಂದ ಕಲ್ತಿದಾನೆ!"

"ಗೊತ್ತು ಗೊತ್ತು," ಅಂದರು ವಸುಂಧರಮ್ಮ.

ಅಷ್ಟು ಹೇಳುವಾಗಲೇ ಅವರಿಗೆ ಇನ್ನೊಂದೂ ಗೊತ್ತಿತ್ತು. ಚುಕ್ಕಿಗಳ ಲೆಕ್ಕ ಸರಿಬರುತ್ತಿರಲಿಲ್ಲ. ಮೊದಲ ಗೆರೆಯಲ್ಲಿ ಒಂಬತ್ತು, ಅದರ ಕೆಳಗೆ ಆರು, ಆಮೇಲೆ ಏಳು, ಮತ್ತೆ ಏಳು, ನಾಲ್ಕು; ಎಲ್ಲಕ್ಕಿಂತ ಗಿಡ್ಡವಾದ ಕೊನೆಯ ಗೆರೆಯ ಮೇಲೆ ಇಕ್ಕಟ್ಟಿನಲ್ಲಿ ಹನ್ನೊಂದು. ಒಂದು ಚುಕ್ಕಿ ತಪ್ಪಿದರೆ ರಂಗೋಲಿ ಕೂಡುವುದಿಲ್ಲ. ಇಡೀ ಮೈಸೂರಿನಲ್ಲಿ ಯಾವ ಹೆಂಗಸೂ ಹಾಗೆ ಚುಕ್ಕಿ ಇಟ್ಟವಳಲ್ಲ. ಅದು ಗೊತ್ತಿದ್ದೂ ಹೇಳಿದ್ದರು.

ಬೇಸಿಗೆ ಕಳೆಯಿತು. ಅಪೂರ್ವಾ ಆಗಾಗ ಫೋನ್ ಮಾಡುತ್ತಿದ್ದಳು. ಬರ್ಮಿಂಗ್‌ಹ್ಯಾಮಿನಲ್ಲಿ ನವೆಂಬರ್ ತಿಂಗಳ ಒಂದು ಶನಿವಾರ ರಾಜ್ಯೋತ್ಸವ, ಅಲ್ಲಿ ಅವಳ ಭಾಷಣ, ಪೋಸ್ಟರಿನ ಮೇಲೆ ರಂಗೋಲಿಯ ಚಿತ್ರ. ಹಾಳೆಯ ಫೋಟೋವನ್ನು ವಸುಂಧರಮ್ಮನ ಫೋನಿಗೂ ಕಳಿಸಿದ್ದಳು. ಅವರು ಅದನ್ನು ತೆರೆದು ನೋಡುತ್ತಲೇ ಇರಲಿಲ್ಲ. ಆದರೆ ಹೊಗಳಿಕೆಗೆ ಒಂದು ಗುಣವಿದೆ, ಕೇಳುತ್ತ ಕೇಳುತ್ತ ನಿಜ ಅನ್ನಿಸತೊಡಗುತ್ತದೆ. ಅಕ್ಟೋಬರ್ ಹೊತ್ತಿಗೆ ಆ ಫೋಟೋವನ್ನು ತಾವಾಗಿಯೇ ಒಬ್ಬರಿಗೆ ತೋರಿಸುವಷ್ಟು ಧೈರ್ಯ ಬಂದಿತ್ತು.

ಆ ಒಬ್ಬರು ಫಾದರ್ ಬ್ರೆಂಡನ್. ವಿದನ್‌ಶಾದ ಒಂದು ಚರ್ಚಿನ ಹಾಲಿನಲ್ಲಿ ಮಂಗಳವಾರ ಮಧ್ಯಾಹ್ನ ಇಂಗ್ಲಿಷ್ ಮಾತಾಡುವ ತರಗತಿ ನಡೆಯುತ್ತದೆ. ಸೊಮಾಲಿಯಾದವರು, ಪೋಲೆಂಡಿನವರು, ಏರ್‌ಪೋರ್ಟಿನಲ್ಲಿ ಕಸ ಗುಡಿಸುವವರು, ಎಲ್ಲ ಬರುತ್ತಾರೆ; ವಸುಂಧರಮ್ಮನೂ ಹೋಗುತ್ತಿದ್ದರು. ಫಾದರ್ ಬ್ರೆಂಡನ್ ಎಂಬತ್ತು ದಾಟಿದ ಜೆಸ್ವಿಟ್ ಪಾದ್ರಿ. ನಿವೃತ್ತರಾದ ಮೇಲೆ ಅಲ್ಲಿ ಚಹಾ ಮಾಡುವುದು, ಬಿಸ್ಕತ್ತು ಹಂಚುವುದು ಅವರ ಕೆಲಸ. ನಿಮ್ಮ ಸಭೆಯವರೊಬ್ಬರು ನಮ್ಮೂರಿಗೆ ಬಂದು ರಂಗೋಲಿ ಕಲಿತಿದ್ದರು, ಅದನ್ನು ಓದಿದವಳು ನಾನೇ ಎಂದು ವಸುಂಧರಮ್ಮ ತಮ್ಮ ಇಂಗ್ಲಿಷಿನಲ್ಲಿ ಹೇಳಿ ಫೋನು ಮುಂದೆ ಹಿಡಿದರು.

ಫಾದರ್ ಬ್ರೆಂಡನ್ ನೋಡಿದರು. ಕೆಟಲ್ಲನ್ನು ಕೆಳಗಿಟ್ಟು ಮತ್ತೆ ನೋಡಿದರು. ಮುಖ ಕೆಂಪಾಯಿತು.

"ಇದು ನನಗೆ ಗೊತ್ತು," ಅಂದರು. "ಹದಿನೆಂಟನೆಯ ವಯಸ್ಸಿನಲ್ಲಿ ಸಭೆಗೆ ಸೇರಿದಾಗ ನಮಗೂ ಇಂಥದೇ ಪುಟ್ಟ ಪುಸ್ತಕ ಕೊಟ್ಟಿದ್ದರು. ಇದು ಚಿತ್ರ ಅಲ್ಲ, ಮೇಡಂ. ತಪ್ಪುಗಳು."

ನಿಧಾನವಾಗಿ, ಸಣ್ಣ ಸಣ್ಣ ಮಾತುಗಳಲ್ಲಿ ಬಿಡಿಸಿ ಹೇಳಿದರು. ಸಭೆಯನ್ನು ಕಟ್ಟಿದವರು ಹಾಕಿಕೊಟ್ಟ ಕ್ರಮ ಅದು. ಒಬ್ಬೊಬ್ಬನೂ ತನ್ನಲ್ಲಿರುವ ಒಂದೇ ಒಂದು ತಪ್ಪನ್ನು ಆರಿಸಿಕೊಳ್ಳಬೇಕು. ಬೆಳಗ್ಗೆ ಎದ್ದಾಗ ಇವತ್ತು ಅದನ್ನು ಮಾಡುವುದಿಲ್ಲ ಎಂದುಕೊಳ್ಳಬೇಕು. ಮಧ್ಯಾಹ್ನ ಊಟವಾದ ಮೇಲೆ ಎಷ್ಟು ಸಲ ಮಾಡಿದೆ ಎಂದು ನೆನೆದು ಮೇಲಿನ ಗೆರೆಯಲ್ಲಿ ಅಷ್ಟು ಚುಕ್ಕಿ ಇಡಬೇಕು. ರಾತ್ರಿಯ ಊಟವಾದ ಮೇಲೆ ಕೆಳಗಿನ ಗೆರೆಯಲ್ಲಿ. ಭಾನುವಾರದಿಂದ ಶನಿವಾರಕ್ಕೆ ಏಳು ದಿನ, ಏಳು ಜೊತೆ ಗೆರೆ. ದಿನ ಕಳೆದ ಹಾಗೆ ಚುಕ್ಕಿ ಕಡಿಮೆಯಾಗಲಿ ಎಂದೇ ಗೆರೆ ಗಿಡ್ಡ.

"ಪಾಪ, ಇವನ ಶನಿವಾರ ಪೂರ್ತಿ ಕೆಟ್ಟಿದೆ," ಎಂದು ನಕ್ಕರು. ಆಮೇಲೆ ಫೋನನ್ನು ಮಗುಚಿ ಕೊಟ್ಟರು. "ಇನ್ನೊಬ್ಬರ ಪಾಪ. ನಾವು ಇಣುಕಬಾರದು."

ವಸುಂಧರಮ್ಮ ಚಹಾ ಕುಡಿಯಲಿಲ್ಲ. ಕೋಟು ಹಾಕಿಕೊಂಡು ಹೊರಡುವಾಗ ಫಾದರ್ ಬ್ರೆಂಡನ್ ಬಾಗಿಲವರೆಗೆ ಬಂದು ಇನ್ನೊಂದು ಮಾತು ಹೇಳಿದರು. ಹಗಲು ಹೊತ್ತಿನಲ್ಲಿ ತಪ್ಪು ಮಾಡಿದ ಕೂಡಲೇ ಎದೆಯ ಮೇಲೆ ಕೈ ಇಟ್ಟುಕೊಳ್ಳಬೇಕಂತೆ. ನಾಲ್ಕು ಜನರ ನಡುವೆ ಇದ್ದರೂ ಪರವಾಗಿಲ್ಲ, ಯಾರಿಗೂ ತಿಳಿಯದ ಹಾಗೆ ಇಡಬಹುದು. "ನಾನು ಇಡೀ ಊಟದ ಹೊತ್ತು ಎದೆ ಮುಟ್ಟಿಕೊಳ್ಳುತ್ತಿದ್ದೆ. ಪಕ್ಕದವನು ಎದೆಯುರಿ ಅಂದುಕೊಂಡು ಸೋಡಾ ತಂದುಕೊಟ್ಟ!"

ಮಾರನೆಯ ಬೆಳಗ್ಗೆ, ಮಗಳು ಆಸ್ಪತ್ರೆಗೆ ಹೊರಟ ಮೇಲೆ, ವಸುಂಧರಮ್ಮ ಅಡುಗೆಮನೆಯ ಮೇಜಿನ ಮುಂದೆ ಕೂತರು. ಕಾರ್ನ್‌ಫ್ಲೇಕ್ಸ್ ಡಬ್ಬದ ರಟ್ಟಿನಲ್ಲಿ ಉಗುರಿನಷ್ಟು ಒಂದು ಕಿಟಕಿ ಕತ್ತರಿಸಿದರು. ರಾತ್ರಿ ಶಾಲೆಯ ಶರ್ವಾಣಿ ಮಿಸ್ ಕಲಿಸಿದ ಉಪಾಯ ಅದು. ಇಡೀ ಸಾಲು ಕಂಡರೆ ದೊಡ್ಡವರಿಗೆ ಹೆದರಿಕೆಯಾಗುತ್ತದೆ. ಒಂದೇ ಅಕ್ಷರ ಕಂಡರೆ ಆಗುವುದಿಲ್ಲ. ಮಗಳ ಟ್ಯಾಬ್ಲೆಟ್ಟಿನಲ್ಲಿ ಫೋಟೋ ದೊಡ್ಡದು ಮಾಡಿ, ರಟ್ಟಿನ ಕಿಟಕಿಯನ್ನು ಅದರ ಮೇಲಿಟ್ಟು, ಕಂಡದ್ದನ್ನು ಕೌನ್ಸಿಲ್ ಟ್ಯಾಕ್ಸ್ ಲಕೋಟೆಯ ಹಿಂದೆ ಬರೆದುಕೊಂಡರು. ಮೊದಲ ದಿನ ಮೂರು ಅಕ್ಷರ ಸಿಕ್ಕವು. ಎರಡನೆಯ ದಿನ ಅದರಲ್ಲಿ ಒಂದು ತಪ್ಪು ಎಂದು ಗೊತ್ತಾಯಿತು. ಮೂರನೆಯ ದಿನ ಅನ್ನಕ್ಕಿಟ್ಟ ಕುಕ್ಕರು ಐದಾರು ಸಲ ಕೂಗಿದ್ದೂ ಕೇಳಿಸಲಿಲ್ಲ.

'ಅರಿಯದೆ ಅರಿತೆನೆಂದದ್ದು.'

ಅಷ್ಟೇ ಇದ್ದದ್ದು. ಪಾದ್ರಿ ತಾನು ಆರಿಸಿಕೊಂಡ ತಪ್ಪಿನ ಹೆಸರು ಬರೆದಿದ್ದ. ಕನ್ನಡ ಕಲಿಯಲು ಯಾರದೋ ಜಗಲಿಯಲ್ಲಿ ಕೂತು, ಹೇಳಿಕೊಟ್ಟವರು 'ತಿಳಿಯಿತೇ' ಅಂದಾಗ ತಿಳಿಯದೆಯೂ 'ತಿಳಿಯಿತು' ಅಂದಿರಬೇಕು. ಭಾನುವಾರ ಮಧ್ಯಾಹ್ನಕ್ಕೆ ಒಂಬತ್ತು ಸಲ. ಶನಿವಾರ ರಾತ್ರಿಗೆ ಹನ್ನೊಂದು.

ವಸುಂಧರಮ್ಮ ಲಕೋಟೆಯನ್ನು ಮಡಿಸಿದರು. ಬಿಡಿಸಿದರು. ಮತ್ತೆ ಮಡಿಸಿದರು. ಎದುರಿಗೆ ಯಾರೂ ಇಲ್ಲದಿದ್ದರೂ ಮುಖ ಬಿಸಿಯಾಗಿತ್ತು. ಆ ಮನುಷ್ಯ ತನ್ನ ಕೋಣೆಯಲ್ಲಿ ಕೂತು, ಪ್ರತಿಯೊಂದಕ್ಕೂ ಒಂದು ಚುಕ್ಕಿ ಇಟ್ಟಿದ್ದ. ಇವರು ಅದರ ಮೇಲೆ ಅದೇ ತಪ್ಪನ್ನು ಮಾಡಿ, ಅದಕ್ಕೆ ಚಪ್ಪಾಳೆಯನ್ನೂ ತೆಗೆದುಕೊಂಡಿದ್ದರು.

ಸಂಜೆ ಮಗಳು ಬಂದು ಶೂ ಬಿಚ್ಚುವುದನ್ನೂ ಕಾಯಲಿಲ್ಲ.

"ನಿರು, ಆ ಹಾಳೆ ರಂಗೋಲಿ ಅಲ್ಲ ಕಣೇ."

ಎಲ್ಲ ಕೇಳಿ ನಿರುಪಮಾ ಹೇಳಿದಳು, "ಸರಿ, ಅಪೂರ್ವಂಗೆ ಫೋನ್ ಮಾಡಿ ತಪ್ಪು ಓದಿದ್ದೆ ಅನ್ನು. ಮುಗೀತಲ್ಲ."

"ತಪ್ಪು ಓದಿದ್ದಲ್ವಲ್ಲೇ. ಓದೇ ಇರ್ಲಿಲ್ಲ."

"ಅದನ್ನೆಲ್ಲ ಹೇಳೋಕೆ ಹೋಗ್ಬೇಡಮ್ಮ."

"ಯಾಕೆ?"

"ಯಾಕೆ ಅಂದ್ರೆ? ಟೀಚರಾಗಿದ್ದವರಿಗೆ ಓದೋಕೆ ಬರ್ಲಿಲ್ವಾ ಅಂತಾರೆ. ಎಲ್ಲಿ ಟೀಚರಾಗಿದ್ರು, ಎಷ್ಟು ವರ್ಷ ಅಂತ ಶುರುವಾಗತ್ತೆ. ರಾಜ್ಯೋತ್ಸವಕ್ಕೆ ಸಂಘದ ಡಾಕ್ಟರ್ ದತ್ತಾತ್ರೇಯ ಬಂದಿರ್ತಾರೆ, ನಮ್ಮ ಡಿಪಾರ್ಟ್‌ಮೆಂಟಿನವರು ಇರ್ತಾರೆ. ನಾನು ಸೋಮವಾರ ಅವರ ಮುಖ ನೋಡ್ಬೇಕು." ಅವಳು ತಾಯಿಯ ಕಡೆ ನೋಡದೆ ಶೂಗಳನ್ನು ಗೋಡೆಗೆ ಜೋಡಿಸಿಟ್ಟಳು. "ಓದಿದೀಯಲ್ಲ ಈಗ. ಸಾಕು."

ವಸುಂಧರಮ್ಮ ಫೋನ್ ಮಾಡಿದರು. ಮೊದಲು ತಪ್ಪು ಓದಿದ್ದೆ, ಈಗ ಸರಿಯಾಗಿ ಸಿಕ್ಕಿತು ಎಂದು ಹೇಳಿದರು. ಫಾದರ್ ಬ್ರೆಂಡನ್ ವಿಷಯವನ್ನೂ ಹೇಳಿದರು. ಬೈಯುತ್ತಾಳೆ ಎಂದು ಕಾದರು. ಬೈದರೆ ಒಂದಿಷ್ಟು ಹಗುರವಾದೀತು ಎಂದೂ ಕಾದರು.

"ಪೋಸ್ಟರೆಲ್ಲ ಪ್ರಿಂಟಾಗಿದೆ ಆಂಟಿ," ಎಂದು ಅಪೂರ್ವಾ ಮೊದಲು ನರಳಿದಳು. ಆಮೇಲೆ ದನಿ ಬದಲಾಯಿತು. "ಇಲ್ಲ, ತಾಳಿ, ತಾಳಿ. ಇದು ರಂಗೋಲಿಗಿಂತ ದೊಡ್ಡದು! ಅವರು ರೋಮಿನಲ್ಲಿದ್ದ ಹಿರಿಯರಿಗೆ ಎರಡು ಥರ ಬರೀತಿದ್ರು. ಒಂದು, ಎಲ್ಲರಿಗೂ ತೋರಿಸೋ ಕಾಗದ. ಅದರಲ್ಲಿ ಭಾಷೆ ಬೇಗ ಬಂತು, ಜನ ಮೆಚ್ಚಿದರು, ಬರೀ ಒಳ್ಳೇದೇ. ಇನ್ನೊಂದು ಬಿಡಿ ಚೀಟಿ. ಅದರಲ್ಲಿ ಎಡವಟ್ಟುಗಳು, ಒಳಗಿನವರ ಕಣ್ಣಿಗೆ ಮಾತ್ರ. ಅವರ ಪಾಂಡಿತ್ಯದ ಕಥೆಯನ್ನ ನಾವೆಲ್ಲ ತೋರಿಸೋ ಕಾಗದ ಓದಿಯೇ ಬರ್ಕೊಂಡು ಬಂದಿದೀವಿ. ಈ ಹಾಳೆ ಅದಕ್ಕಿಂತ ಒಳಗಿಂದು, ರೋಮಿಗೂ ಕಳಿಸದೇ ಇರೋದು. ಗೊತ್ತಿಲ್ಲ ಅನ್ನೋದನ್ನ ಅವನು ಒಂದು ವಿದ್ಯೆ ಥರ ಅಭ್ಯಾಸ ಮಾಡಿದಾನೆ! ಆಂಟಿ, ಎಂಥ ತಾಳ್ಮೆ ನಿಮ್ಮದು. ಟೀಚರ್ ಅಂದ್ರೆ ಟೀಚರ್!"

ಫೋನಿಟ್ಟ ಮೇಲೆ ವಸುಂಧರಮ್ಮ ತಮಗೆ ತಿಳಿಯದೆಯೇ ಎದೆ ಮುಟ್ಟಿಕೊಂಡರು. ಅರ್ಧ ನಿಜ ಹೇಳಿದ್ದಕ್ಕೆ ಮೊದಲಿಗಿಂತ ಹೆಚ್ಚು ಹೊಗಳಿಕೆ ಬಂದಿತ್ತು. ಅವರು ತಾವೇ ಒಂದು ತೋರಿಸುವ ಕಾಗದವಾಗಿಬಿಟ್ಟಿದ್ದರು.

ಬರ್ಮಿಂಗ್‌ಹ್ಯಾಮಿನ ಹಾಲು ಒಂದು ಶಾಲೆಯದು. ಹಳದಿ ಕೆಂಪು ಬಟ್ಟೆ ಕಟ್ಟಿದ್ದರು. ಹಿಂದುಗಡೆ ಸ್ಟೀಲ್ ಪಾತ್ರೆಗಳಲ್ಲಿ ಬಿಸಿಬೇಳೆಬಾತು. ವಸುಂಧರಮ್ಮನನ್ನು ಮುಂದಿನ ಸಾಲಿನಲ್ಲಿ ಕೂರಿಸಿದರು. ಒಂದು ಪಕ್ಕ ನಿರುಪಮಾ, ಇನ್ನೊಂದು ಪಕ್ಕ ಡಾಕ್ಟರ್ ದತ್ತಾತ್ರೇಯ. ಜಿಪಿ, ಅಂದರೆ ಬಡಾವಣೆಯ ವೈದ್ಯರಾಗಿ ನಿವೃತ್ತರಾದವರು, ಕನ್ನಡ ಸಂಘಕ್ಕೆ ಹಿರಿಯರು.

"ಏನ್ರೀ ಮೇಡಮ್ಮೋರೆ, ನಮಗೂ ಒಂದು ಕಾಪಿ ಬರೆಸ್ತೀರೋ ಹೇಗೆ?" ಎಂದು ಅವರು ತಮಾಷೆ ಮಾಡಿದರು.

ಅಪೂರ್ವಾ ಚೆನ್ನಾಗಿ ಮಾತಾಡಿದಳು. ಪರದೆಯ ಮೇಲೆ ಹಾಳೆ ಗೋಡೆಯಷ್ಟು ದೊಡ್ಡದಾಗಿ ಬಂತು. ಆ ಸಾಲನ್ನು ಓದಿ ಹೇಳಿದಾಗ ಹಾಲಿನಲ್ಲಿ ಒಂದು ಸಣ್ಣ ನಗು ಎದ್ದು ತಾನಾಗಿಯೇ ಅಡಗಿತು. ಎಲ್ಲರಿಗೂ ಏನೇನೋ ನೆನಪಾಗಿರಬೇಕು. ಆಮೇಲೆ ಪರದೆ ಬದಲಾಯಿತು.

'ಓದಿಕೊಟ್ಟವರು: ನಿವೃತ್ತ ಕನ್ನಡ ಶಿಕ್ಷಕಿ ಶ್ರೀಮತಿ ವಸುಂಧರಾ.'

ಚಪ್ಪಾಳೆ ಬಿತ್ತು. ಅವರ ಹೆಸರು ಅಷ್ಟು ದೊಡ್ಡ ಅಕ್ಷರದಲ್ಲಿ ಎಲ್ಲಿಯೂ ಬಂದಿರಲಿಲ್ಲ. ಅದನ್ನು ಓದಲು ರಟ್ಟಿನ ಕಿಟಕಿ ಬೇಕಾಗಿರಲಿಲ್ಲ.

"ಆಂಟಿ, ಎರಡು ಮಾತು ಹೇಳಿ," ಎಂದು ಅಪೂರ್ವಾ ಮೈಕು ತಂದು ಕೈಗಿಟ್ಟಳು.

"ಥ್ಯಾಂಕ್ಸ್ ಅಂತ ಹೇಳಿ ಕೂತ್ಕೋಮ್ಮ," ಎಂದು ನಿರುಪಮಾ ಮೆಲ್ಲಗೆ ಅಂದಳು.

ವಸುಂಧರಮ್ಮ ಎದ್ದರು. ಎಡಗೈ ಸೆರಗಿನ ಮೇಲೆ, ಎದೆಯ ಹತ್ತಿರ ಹೋಯಿತು. ಯಾರಿಗೂ ಅದು ವಿಶೇಷ ಅನ್ನಿಸಿರಲಾರದು.

"ಅಲ್ಲಿ ಬರೆದಿರೋದು ತಪ್ಪು," ಅಂದರು. ಮೈಕು ಕಿರ್ರ್ ಅಂದಿತು. "ನಾನು ಟೀಚರಲ್ಲ. ಮೈಸೂರಲ್ಲಿ ಕಾನ್ವೆಂಟಲ್ಲಿ ಆಯಾ ಆಗಿದ್ದೆ. ಮೂವತ್ತೆಂಟು ವರ್ಷದವರೆಗೂ ನಂಗೆ ಓದೋಕೆ ಬರ್ತಿರ್ಲಿಲ್ಲ. ಆಮೇಲೆ ರಾತ್ರಿ ಶಾಲೆಗೆ ಹೋಗಿ ಕಲ್ತೆ. ಏಪ್ರಿಲಲ್ಲಿ ಈ ಮಗು ನನ್ನ ಕರ್ಕೊಂಡು ಹೋದಾಗ ಆ ಸಾಲು ನಂಗೆ ಓದೋಕಾಗ್ಲಿಲ್ಲ. ಆಗ್ಲಿಲ್ಲ ಅಂತ ಹೇಳೋಕೆ ನಾಚಿಕೆಯಾಯ್ತು. ಬಾಯಿಗೆ ಬಂದದ್ದು ಹೇಳ್ದೆ. ಅದು ತಪ್ಪು ಓದಿದ್ದಲ್ಲ, ಸುಳ್ಳು. ಆರು ತಿಂಗಳು ಇವಳು ಅದನ್ನ ನಂಬ್ಕೊಂಡು ಓಡಾಡಿದಳು."

ಇನ್ನೂ ಏನೋ ಹೇಳಬೇಕೆಂದಿದ್ದರು. ನೆನಪಾಗಲಿಲ್ಲ. ಕೂತರು.

ಹಿಂದಿನ ಸಾಲಿನಲ್ಲಿ ಯಾರದೋ ಮಗು, ಊಟ ಯಾವಾಗ ಎಂದು ಇಂಗ್ಲಿಷಿನಲ್ಲಿ ಕೇಳಿತು. ಡಾಕ್ಟರ್ ದತ್ತಾತ್ರೇಯ ಗಂಟಲು ಸರಿಮಾಡಿಕೊಂಡು, "ಪರವಾಗಿಲ್ಲ ಬಿಡಿ, ಪರವಾಗಿಲ್ಲ," ಅಂದರು. ತಮಾಷೆಯನ್ನು ಮಾತ್ರ ಮುಂದುವರಿಸಲಿಲ್ಲ. ಅಪೂರ್ವಾ ಮೈಕು ಹಿಂದಕ್ಕೆ ತೆಗೆದುಕೊಂಡಳು. ಅವಳ ಮುಖದಲ್ಲಿ ಸಿಟ್ಟಿತ್ತು. ಮುಚ್ಚಿಕೊಳ್ಳುವ ಮೊದಲೇ ವಸುಂಧರಮ್ಮ ನೋಡಿದರು.

ಊಟದ ಹೊತ್ತಿಗೆ ಅವಳು ತಟ್ಟೆ ಹಿಡಿದುಕೊಂಡು ಬಂದು ಪಕ್ಕದಲ್ಲಿ ಕೂತಳು. ಬಹಳ ಹೊತ್ತು ಬಾತು ಕಲಸುತ್ತಲೇ ಇದ್ದಳು.

"ಓದೋಕಾಗ್ತಿಲ್ಲ ಅಂದಿದ್ರೆ ನಾನೇನು ಅಂತಿದ್ದೆ ಆಂಟಿ? ಏನೂ ಅಂತಿರ್ಲಿಲ್ಲ."

"ಅದು ಈಗ ಗೊತ್ತಾಗ್ತಿದೆ ಕಣಮ್ಮ."

"ಪ್ರಬಂಧದಲ್ಲಿ ನಿಮ್ಮ ಹೆಸರು ಹಾಕಲೇಬೇಕು. ಏನಂತ ಬರೀಲಿ?"

"ಆಯಾ ಅಂತ ಬರಿ," ಅಂದರು ವಸುಂಧರಮ್ಮ.

ಅಪೂರ್ವಾ ತಲೆಯಾಡಿಸಿದಳು. ಕ್ಷಮಿಸಿದೆ ಅನ್ನಲಿಲ್ಲ. ಎದ್ದು ಹೋಗಿ ಅವರಿಗೆ ಮೊಸರನ್ನ ತಂದುಕೊಟ್ಟಳು.

ನಿರುಪಮಾ ಊಟ ಮಾಡಲಿಲ್ಲ. ನಾಲ್ಕೂವರೆಗೇ ಕತ್ತಲಾಗಿತ್ತು. ಮೋಟಾರ್‌ವೇ ಹತ್ತುವಾಗ ಮಳೆ ಹಿಡಿದಿತ್ತು. ವೈಪರ್ ಗಾಜು ಒರೆಸುತ್ತಿತ್ತು. ವಸುಂಧರಮ್ಮನಿಗೆ ಬೋರ್ಡು ನೆನಪಾಯಿತು. ಮಗಳ ಸೋಮವಾರ ನೆನಪಾಯಿತು. ತಮ್ಮ ಭಾರ ಇಳಿಸಿಕೊಳ್ಳಲು ಹೋಗಿ ಮಗಳ ತಲೆಯ ಮೇಲೆ ಇಟ್ಟೆನೇ ಎಂದು ಕೇಳಿಕೊಂಡರು. ಹೇಳಿದ ಮಾತ್ರಕ್ಕೆ ನಾಚಿಕೆ ಹೋಗಿರಲಿಲ್ಲ. ಬೇರೆ ಕಡೆ ಹೋಗಿ ಕೂತಿತ್ತು, ಅಷ್ಟೇ.

ಸ್ಟ್ಯಾಫರ್ಡ್ ಹತ್ತಿರ, ಪ್ರಯಾಣಿಕರು ತಂಗುವ ಸರ್ವೀಸಸ್‌ನಲ್ಲಿ ನಿರುಪಮಾ ಕಾರು ನಿಲ್ಲಿಸಿದಳು. ಇಂಜಿನ್ ಆರಿಸಿದಳು. ಇಳಿಯಲಿಲ್ಲ. ಎರಡೂ ಕೈ ಸ್ಟೀರಿಂಗಿನ ಮೇಲೇ ಇದ್ದವು.

"ಅವತ್ತು ನಾನು ಟೀಚರ್ ಅಂತ ಯಾಕೆ ಅಂದೆ ಗೊತ್ತಾ ಅಮ್ಮ?"

ಗೊತ್ತು ಗೊತ್ತು ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅದು ಯಾವಾಗಲೂ ಅಲ್ಲಿಯೇ ಇರುತ್ತಿತ್ತು. ವಸುಂಧರಮ್ಮ ಅದನ್ನು ಅಲ್ಲಿಯೇ ತಡೆದರು.

"ಗೊತ್ತಿಲ್ಲ ಕಣೇ," ಅಂದರು. "ಹೇಳು."